ಕೆಟ್ಟ ವಸ್ತುವಿಗೆ ಬದಲಿ ಸಿಕ್ಕಾಗ ವಾರಂಟಿ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಕಲಬುರಗಿಯಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳ ಮುಂದೆ ಕೂಲರ್‌ಗಳ ಸಾಲು ಶುರುವಾಗುತ್ತದೆ. ಫ್ರಿಜ್, ಎಸಿ, ಇನ್ವರ್ಟರ್ ಬ್ಯಾಟರಿಗಳ ಖರೀದಿ ಜೋರಾಗುವುದೂ ಆಗಲೇ. ಬಿಸಿಲಿಗೆ ಇವು ಹಗಲು ರಾತ್ರಿ ಓಡಿ, ಒಳಗಿದ್ದ ದೋಷ ಹೊರಬೀಳುವುದೂ ಆಗಲೇ. ಅಂಗಡಿಗೆ ಮತ್ತೆ ಮತ್ತೆ ಫೋನ್ ಮಾಡಿ, ಮೆಕ್ಯಾನಿಕ್ ಬರುವುದನ್ನೇ ಕಾದು, ಕಡೆಗೆ ಬದಲಿ ವಸ್ತು ಸಿಕ್ಕಾಗ ಯಾರಿಗಾದರೂ ಸಮಾಧಾನವಾಗುತ್ತದೆ. “ಪೀಸ್ ಚೇಂಜ್ ಮಾಡಿ ಕೊಟ್ಟೀವಲ್ರೀ ಅಣ್ಣಾರ, ಇನ್ನ ಚಿಂತಿ ಬಿಡ್ರಿ” ಎಂಬ ಮಾತು ಕೇಳಿಕೊಂಡು ಮನೆಗೆ ಬರುತ್ತೇವೆ. ಬೀರುವಿನಲ್ಲಿ ಹಳೆಯ ಬಿಲ್ಲು ಹಾಗೇ ಇರುತ್ತದೆ, ಅದರ ಮೇಲೆ ಹಳೆಯ ವಸ್ತುವಿನ ಸೀರಿಯಲ್ ನಂಬರ್.

ತಕರಾರು ಏಳುವುದು ಆ ಬದಲಿ ವಸ್ತುವೂ ಕೆಟ್ಟ ದಿನ. ಸರ್ವಿಸ್ ಸೆಂಟರ್‌ನವರು ನಂಬರ್ ತಾಳೆ ನೋಡಿ, “ಇದು ನಿಮ್ಮ ಬಿಲ್‌ನಾಗ ಇಲ್ರೀ, ಸಿಸ್ಟಮ್‌ನಾಗೂ ವಾರಂಟಿ ತೋರ್ಸವಲ್ದು” ಅನ್ನುತ್ತಾರೆ. ಅಂಗಡಿಯವರು ಕಂಪನಿಯ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ಅಂಗಡಿಯ ಕಡೆ. ವಸ್ತು ಬದಲಾದ ದಿನವೇ ಕಾಗದವನ್ನೂ ಬದಲಿಸಿಕೊಂಡಿದ್ದರೆ ಈ ಅಲೆದಾಟದ ಬಹುಪಾಲು ಇರುತ್ತಲೇ ಇರಲಿಲ್ಲ. ಅದನ್ನು ಮಾಡಿಕೊಳ್ಳುವುದು ಹೇಗೆ, ಮಾಡಿಕೊಳ್ಳದಿದ್ದರೂ ಉಳಿದಿರುವ ದಾರಿ ಯಾವುದು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಕಾಯ್ದೆ ಹೇಳುವುದು, ಹೇಳದಿರುವುದು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಬದಲಿಯಾಗಿ ಕೊಟ್ಟ ವಸ್ತುವಿಗೆ ಇಷ್ಟು ತಿಂಗಳು ವಾರಂಟಿ ಇರಲೇಬೇಕು ಎಂದು ಈ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ “ಹೊಸದು ಕೊಟ್ಟಾರ ಅಂದ್ರ ವಾರಂಟಿನೂ ಹೊಸದಾಗಿ ಶುರು” ಎಂಬ ನಂಬಿಕೆ ನಮ್ಮಲ್ಲಿ ಬಹಳ ಇದೆ. ಎಷ್ಟು ಅವಧಿ ಎಂಬುದನ್ನು ತೀರ್ಮಾನಿಸುವುದು ಕಂಪನಿಯ ವಾರಂಟಿ ಕಾರ್ಡ್. ಹೆಚ್ಚಿನ ಕಾರ್ಡ್‌ಗಳಲ್ಲಿ ಬದಲಿ ವಸ್ತುವಿಗೆ ಮೂಲ ವಾರಂಟಿಯಲ್ಲಿ ಉಳಿದ ಅವಧಿ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಆದರೆ ಕಾಯ್ದೆ ಕೊಡುವ ಬಲ ಬೇರೆ ಕಡೆ ಇದೆ. ದೋಷ ಸಾಬೀತಾದರೆ ಅದನ್ನು ಸರಿಪಡಿಸಿ ಕೊಡಲು, ಅಥವಾ ಅದೇ ಬಗೆಯ, ಯಾವ ದೋಷವೂ ಇಲ್ಲದ ಹೊಸ ವಸ್ತುವನ್ನು ಕೊಡಲು, ಅಥವಾ ಹಣವನ್ನು ಬಡ್ಡಿ ಸಮೇತ ಮರಳಿಸಲು ಆದೇಶಿಸುವ ಅಧಿಕಾರ ಕಾಯ್ದೆಯ 39ನೇ ಕಲಮಿನಡಿ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. ಇದರ ಮೇಲೆ ನಷ್ಟ ಪರಿಹಾರವನ್ನೂ ಕೊಡಿಸಬಹುದು. “ಯಾವ ದೋಷವೂ ಇಲ್ಲದ” ಎಂಬ ಷರತ್ತನ್ನು ನೆನಪಿಡಿ. ಬದಲಿ ಕೊಟ್ಟೆವು, ನಮ್ಮ ಹೊಣೆ ತೀರಿತು ಎಂದು ಯಾರೂ ಹೇಳುವಂತಿಲ್ಲ. ಬದಲಿ ವಸ್ತುವೂ ದೋಷದ್ದಾದರೆ ಹೊಣೆ ಹಾಗೇ ಉಳಿಯುತ್ತದೆ.

“ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ” ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿರುತ್ತಾರಲ್ಲ, ಅದಕ್ಕೂ ಹೆದರಬೇಕಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಮರಳಿ ಪಡೆಯಲು ನಿರಾಕರಿಸುವುದನ್ನು ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಕಚ್ಚಾ ಚೀಟಿಯ ಮೇಲೆ ನಾಲ್ಕು ನೂರು ಕಡಿಮೆ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಪಕ್ಕಾ ಬಿಲ್ಲನ್ನೇ ಕೇಳಿ.

ಮೊದಲ ಹೆಜ್ಜೆ: ಹಳೆಯ ವಸ್ತು ಕೈಬಿಡುವ ಮುನ್ನ

ಕೆಟ್ಟ ವಸ್ತು ಒಮ್ಮೆ ಅಂಗಡಿ ಸೇರಿತೆಂದರೆ ನಿಮ್ಮ ಸಾಕ್ಷ್ಯವೂ ಅದರ ಜೊತೆ ಹೋಯಿತು. ಆದ್ದರಿಂದ ಕೊಡುವ ಮುನ್ನ ಅದರ ಹಿಂಬದಿಯ ಲೇಬಲ್‌ನ ಫೋಟೊ ತೆಗೆಯಿರಿ. ಮಾಡೆಲ್, ಸೀರಿಯಲ್ ನಂಬರ್, ತಯಾರಾದ ತಿಂಗಳು ಸ್ಪಷ್ಟ ಕಾಣಬೇಕು. ದೋಷ ಕಣ್ಣಿಗೆ ಬೀಳುವಂಥದ್ದಾದರೆ, ಅಂದರೆ ತಣ್ಣಗಾಗದ ಫ್ರಿಜ್, ಗೆರೆ ಬರುವ ಟಿವಿ, ಸದ್ದು ಮಾಡುವ ಮೋಟಾರ್ ಆದರೆ, ಚಿಕ್ಕದೊಂದು ವಿಡಿಯೊ ಮಾಡಿಟ್ಟುಕೊಳ್ಳಿ.

ಮೆಕ್ಯಾನಿಕ್ ಬಂದಾಗ ಜಾಬ್ ಶೀಟ್, ಅಂದರೆ ಆತ ಕಂಡ ದೋಷ ಮತ್ತು ಮಾಡಿದ ಕೆಲಸ ಬರೆದ ಹಾಳೆ, ಕೇಳದೆ ಕಳಿಸಬೇಡಿ. ಫೋನಿನಲ್ಲಿ ದೂರು ಕೊಟ್ಟಿದ್ದರೆ ದೂರಿನ ಸಂಖ್ಯೆಯ ಮೆಸೇಜನ್ನು ಅಳಿಸಬೇಡಿ. ಜಾಬ್ ಶೀಟ್‌ನಲ್ಲಿ “ಚೆಕ್ ಮಾಡಲಾಗಿದೆ” ಎಂದಷ್ಟೇ ಗೀಚಿದರೆ ಸಾಲದು. ಯಾವ ಭಾಗ ಹೋಗಿದೆ, ಏಕೆ ಹೋಗಿದೆ ಎಂದು ಬರೆಸಿ. ನಮ್ಮ ಕಡೆ ಎರಡು ಕಾರಣಗಳನ್ನು ಬಹಳ ಸಲೀಸಾಗಿ ಬರೆದುಬಿಡುತ್ತಾರೆ. ಒಂದು, ವೋಲ್ಟೇಜ್ ಏರಿಳಿತ. ಇನ್ನೊಂದು, ಗಡುಸು ನೀರು. ಯಾದಗಿರಿ ತಾಲೂಕಿನ ಹಳ್ಳಿಯಲ್ಲಿ ವೋಲ್ಟೇಜ್ ಏರಿಳಿಯುವುದೂ, ಬೋರ್‌ವೆಲ್ ನೀರಿಗೆ ಗೀಜರ್‌ನ ಕಾಯಿಲ್ ಬಿಳಿ ಕಟ್ಟುವುದೂ ನಿಜವೇ. ಆದರೆ ನಿಮ್ಮ ಮನೆಯಲ್ಲಿ, ಈ ವಸ್ತು ಕೆಟ್ಟಿದ್ದು ಅದರಿಂದಲೇ ಎಂಬುದು ಬೇರೆಯೇ ಮಾತು. “ಎಷ್ಟು ವೋಲ್ಟೇಜ್ ಅದ ಅಂತ ಅಳದು ಶೀಟ್‌ನಾಗ ಬರೀರಿ” ಎಂದು ಕೇಳಿ. ಸ್ಟೆಬಿಲೈಸರ್ ಇದ್ದರೆ ಅದನ್ನೂ ನಮೂದಿಸಲು ಹೇಳಿ. ಅಳತೆಯನ್ನೇ ಮಾಡದೆ ಕಾರಣ ಬರೆದಿದ್ದರೆ, “ಒಪ್ಪಿಗೆ ಇಲ್ಲ” ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿ. ಮುಂದೆ ಆಯೋಗದ ಮುಂದೆ ಹೋದರೆ ಈ ಎರಡು ಪದಗಳಿಗೆ ಬೆಲೆ ಇರುತ್ತದೆ.

ಎರಡನೆಯ ಹೆಜ್ಜೆ: ಬದಲಿ ಬೇಕೇ, ಹಣ ಬೇಕೇ

ರಿಪೇರಿಯೋ ಬದಲಿಯೋ ಎಂಬ ಆಯ್ಕೆಯನ್ನು ವಾರಂಟಿ ಕಾರ್ಡ್‌ನಲ್ಲಿ ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿರುತ್ತದೆ. ಮೊದಲ ಸಲ ಕೆಟ್ಟಾಗ ಅದಕ್ಕೆ ಅವಕಾಶ ಕೊಡಿ, ತಪ್ಪಿಲ್ಲ. ಆದರೆ ಅದೇ ದೋಷ ಮರುಕಳಿಸಿದರೆ, ಅಥವಾ ಬದಲಿ ಬಂದ ಅದೇ ಮಾಡೆಲ್‌ನಲ್ಲೂ ಅದೇ ತೊಂದರೆ ಕಂಡರೆ, ಮೂರನೆಯದಕ್ಕೆ ಕೈಯೊಡ್ಡಬೇಡಿ ಎಂಬುದು ನನ್ನ ಅಭಿಪ್ರಾಯ. ಆಗ ದೋಷ ಒಂದು ಪೀಸಿನದ್ದಲ್ಲ, ಆ ಮಾಡೆಲ್‌ನದ್ದೇ ಇರಬಹುದು. ಹಣ ವಾಪಸ್ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ.

ಅದೇ ಮಾಡೆಲ್ ಈಗ ಬರುತ್ತಿಲ್ಲ, ಬೇರೆಯದು ತೆಗೆದುಕೊಂಡು ಮೇಲಿನ ಹಣ ಕೊಡಿ ಅನ್ನುವುದೂ ಉಂಟು. ಸಮಾನ ಗುಣದ, ಸಮಾನ ಬೆಲೆಯ ವಸ್ತುವಿಗೆ ಹೆಚ್ಚಿನ ಹಣ ಕೊಡಬೇಕಿಲ್ಲ. ನೀವೇ ಇಷ್ಟಪಟ್ಟು ದೊಡ್ಡದನ್ನು ಆರಿಸಿದರೆ ಮಾತ್ರ ವ್ಯತ್ಯಾಸದ ಹಣ ಕೊಡಿ, ಮತ್ತು ಆಗ ಪೂರ್ತಿ ಹೊಸ ಬಿಲ್ಲು, ಹೊಸ ವಾರಂಟಿ ಎರಡನ್ನೂ ಕೇಳಿ. ಅದು ಹೊಸ ಖರೀದಿಗೆ ಸಮ.

ಮೂರನೆಯ ಹೆಜ್ಜೆ: ಬದಲಿ ಕೈಗೆ ಬಂದ ದಿನ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಡಬ್ಬಿಯನ್ನು ಅಂಗಡಿಯಲ್ಲೇ ಬಿಚ್ಚಿಸಿ. ಸೀಲ್ ಒಡೆದಿದೆಯೇ, ತಿರುಪುಗಳ ಮೇಲೆ ಗೀರು ಇದೆಯೇ, ತಯಾರಾದ ತಿಂಗಳು ನಿಮ್ಮ ಮೊದಲ ವಸ್ತುವಿಗಿಂತ ಹಳೆಯದೇ ಎಂದು ನೋಡಿ. ರಿಪೇರಿ ಮಾಡಿ ಹೊಸದರಂತೆ ಪ್ಯಾಕ್ ಮಾಡಿದ ವಸ್ತುವನ್ನು ಕೊಡಬಹುದು ಎಂದು ಕೆಲವು ಕಾರ್ಡ್‌ಗಳಲ್ಲಿ ಷರತ್ತು ಇರುತ್ತದೆ. ಕೊಡುವುದು ಹೊಸದೋ ಅಂಥದ್ದೋ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಮೊಬೈಲ್ ಆದರೆ *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ ಸಂಖ್ಯೆ, ಡಬ್ಬಿಯ ಮೇಲಿನದು, ಜಾಬ್ ಶೀಟ್‌ನಲ್ಲಿ ಬರೆದದ್ದು, ಮೂರೂ ಒಂದೇ ಇರಬೇಕು. ಕೆವೈಎಂ ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಎಸ್ಎಂಎಸ್ ಮಾಡಿದರೆ ಆ ಸಂಖ್ಯೆ ಯಾವ ಮಾಡೆಲ್‌ನದ್ದು, ಸರಿಯಾದದ್ದೇ ಎಂದು ತಿಳಿಯುತ್ತದೆ. ಇದು ವಾರಂಟಿಗಷ್ಟೇ ಬೇಕಾದದ್ದಲ್ಲ. ನಾಳೆ ಆ ಫೋನ್ ಕಳುವಾದರೆ, ಪೊಲೀಸ್ ದೂರಿಗೂ ಫೋನ್ ಬ್ಲಾಕ್ ಮಾಡಿಸುವುದಕ್ಕೂ ಬಿಲ್ಲು ಬೇಕಾಗುತ್ತದೆ. ಬಿಲ್ಲಿನಲ್ಲಿ ಹಳೆಯ ಸಂಖ್ಯೆಯೇ ಇದ್ದರೆ ಅಲ್ಲೂ ತಡವರಿಸಬೇಕಾಗುತ್ತದೆ.

ಈಗ ಕಾಗದದ ಮಾತು. ಒಳ್ಳೆಯ ಅಂಗಡಿಯವರು ಬದಲಿ ಪತ್ರವನ್ನು ತಾವೇ ಕೊಡುತ್ತಾರೆ. ಕೊಡದಿದ್ದರೆ ಮೂಲ ಬಿಲ್ಲಿನ ಹಿಂಬದಿಯಲ್ಲೋ ಬಿಳಿ ಹಾಳೆಯಲ್ಲೋ ನೀವೇ ಹೀಗೆ ಬರೆದು, ಅಂಗಡಿಯ ಮೊಹರು ಮತ್ತು ಸಹಿ ಹಾಕಿಸಿಕೊಳ್ಳಿ:

“ದಿನಾಂಕ ……ರ ಬಿಲ್ ಸಂಖ್ಯೆ ……ರಂತೆ ಮಾರಾಟವಾದ ……, ಸೀರಿಯಲ್ ನಂಬರ್ ……, ಇದರಲ್ಲಿ …… ದೋಷ ಕಂಡುಬಂದಿದ್ದರಿಂದ ಅದನ್ನು ಈ ದಿನ ಮರಳಿ ಪಡೆದು, ಬದಲಿಗೆ ಹೊಸ ……, ಸೀರಿಯಲ್ ನಂಬರ್ ……, ಕೊಡಲಾಗಿದೆ. ಇದರ ವಾರಂಟಿ ದಿನಾಂಕ ……ರವರೆಗೆ ಇರುತ್ತದೆ.”

ಇಷ್ಟೇ ಸಾಕು. ಸಹಿ ಹಾಕಲು ಹಿಂದೇಟು ಹಾಕಿದರೆ ಜಗಳಕ್ಕೆ ಇಳಿಯಬೇಡಿ. ಇದೇ ಒಕ್ಕಣೆಯನ್ನು ಅಲ್ಲೇ ನಿಂತು ಅಂಗಡಿಯ ವಾಟ್ಸಾಪ್‌ಗೂ ಕಂಪನಿಯ ಇಮೇಲ್‌ಗೂ ಕಳಿಸಿ, ಎರಡೂ ಲೇಬಲ್‌ಗಳ ಫೋಟೊ ಜೋಡಿಸಿ. ಆಮೇಲೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಹೊಸ ಸೀರಿಯಲ್ ನಂಬರನ್ನು ನಿಮ್ಮ ಹೆಸರಿಗೆ ನೋಂದಾಯಿಸಲು ಹೇಳಿ. ಕ್ಯಾಶ್ ಕೌಂಟರ್‌ನಲ್ಲಿ ಕೊಡುವ ನುಣುಪು ಕಾಗದದ ಬಿಲ್ಲು ನಮ್ಮ ಸೆಕೆಗೆ ವರ್ಷದೊಳಗೇ ಮಾಸಿ ಬಿಳಿಯಾಗುತ್ತದೆ, ಆದ್ದರಿಂದ ಅದನ್ನು ಕೊಂಡ ದಿನವೇ ಝೆರಾಕ್ಸ್ ಮಾಡಿಸಿಡಿ.

ಎಕ್ಸ್‌ಟೆಂಡೆಡ್ ವಾರಂಟಿ ಎಂದು ಬೇರೆ ಹಣ ಕಟ್ಟಿದ್ದೀರಾ? ಅದು ಹಳೆಯ ಸೀರಿಯಲ್ ನಂಬರ್‌ಗೆ ಅಂಟಿಕೊಂಡಿರುತ್ತದೆ. ಅದನ್ನೂ ಹೊಸ ನಂಬರ್‌ಗೆ ವರ್ಗಾಯಿಸಿ ಎಂದು ಬರೆದು ಕೊಡಿ. ಬದಲಿ ಕೊಟ್ಟ ಕೂಡಲೇ ಯೋಜನೆ ಮುಗಿಯಿತು ಎನ್ನುವ ಷರತ್ತು ಇಂಥ ಕೆಲವು ಪ್ಲಾನ್‌ಗಳಲ್ಲಿ ಇರುತ್ತದೆ. ಬದಲಿ ಒಪ್ಪಿಕೊಳ್ಳುವ ಮೊದಲೇ ಅದನ್ನು ಓದಿ.

ವಾರಂಟಿ ಎಲ್ಲಿಯವರೆಗೆ: ಲೆಕ್ಕ

ಉದಾಹರಣೆಗೆ 2025ರ ಏಪ್ರಿಲ್ 10ರಂದು ಒಂದು ವರ್ಷದ ವಾರಂಟಿಯ ವಾಷಿಂಗ್ ಮಷಿನ್ ಕೊಂಡಿರಿ, 2026ರ ಫೆಬ್ರುವರಿ 20ರಂದು ಬದಲಿ ಸಿಕ್ಕಿತು ಎಂದಿಟ್ಟುಕೊಳ್ಳಿ. “ಉಳಿದ ಅವಧಿ ಮಾತ್ರ” ಎಂಬ ಷರತ್ತಿದ್ದರೆ ಹೊಚ್ಚ ಹೊಸ ಮಷಿನ್‌ಗೆ ಸಿಗುವುದು ಏಳು ವಾರದ ರಕ್ಷಣೆ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ಕಾರ್ಡ್‌ನಲ್ಲಿ ಹೀಗಿದ್ದರೆ ಸರ್ವಿಸ್ ಸೆಂಟರ್‌ನವರು ಅದನ್ನೇ ತೋರಿಸುತ್ತಾರೆ. ಉಳಿದ ಅವಧಿ ಅಥವಾ 90 ದಿನ, ಯಾವುದು ಹೆಚ್ಚೋ ಅದು ಎಂದು ಬರೆಯುವ ಕಂಪನಿಗಳೂ ಇವೆ. ನಿಮ್ಮ ಕಾರ್ಡ್‌ನಲ್ಲಿ ಏನಿದೆ ನೋಡಿ. ಏನೂ ಇಲ್ಲದಿದ್ದರೆ, ಕೊಟ್ಟಿದ್ದು ಹೊಸ ವಸ್ತು, ಆದ್ದರಿಂದ ಪೂರ್ತಿ ಅವಧಿ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಎಷ್ಟೋ ಅಂಗಡಿಗಳು ಹಳೆಯ ಗಿರಾಕಿ ಕೈಬಿಡಬಾರದೆಂದು ಒಪ್ಪುತ್ತವೆ. ವಸ್ತು ಸರ್ವಿಸ್ ಸೆಂಟರ್‌ನಲ್ಲಿ ಬಿದ್ದಿದ್ದ ದಿನಗಳನ್ನೂ ವಾರಂಟಿಗೆ ಸೇರಿಸಿ ಎಂದು ಅದೇ ಪತ್ರದಲ್ಲಿ ಕೇಳಿಬಿಡಿ.

ಇನ್ವರ್ಟರ್ ಬ್ಯಾಟರಿಯ ಲೆಕ್ಕ ಇನ್ನೂ ಬಿಗಿ. ಅವುಗಳಲ್ಲಿ ಅವಧಿ ಎರಡು ಭಾಗವಾಗಿರುತ್ತದೆ. ಮೊದಲ ಭಾಗದಲ್ಲಿ ಕೆಟ್ಟರೆ ಪುಕ್ಕಟೆ ಬದಲಿ, ಎರಡನೆಯ ಭಾಗದಲ್ಲಿ ಕೆಟ್ಟರೆ ಹೊಸ ಬ್ಯಾಟರಿಯ ಬೆಲೆಯಲ್ಲಿ ಇಷ್ಟು ಶೇಕಡಾ ರಿಯಾಯಿತಿ. ಬದಲಿ ಬ್ಯಾಟರಿಗೆ ಎಣಿಕೆ ಸಾಮಾನ್ಯವಾಗಿ ಮೊದಲ ಖರೀದಿಯ ದಿನದಿಂದಲೇ ನಡೆಯುತ್ತದೆ. ಆದರೆ ರಿಯಾಯಿತಿಗೆ ಹಣ ಕೊಟ್ಟು ತಂದ ಬ್ಯಾಟರಿಯ ಮಾತು ಹಾಗಲ್ಲ. ಅದಕ್ಕೆ ಹಣ ತೆತ್ತಿದ್ದೀರಿ, ಅದಕ್ಕೆ ಬಿಲ್ಲು ಕೇಳಿ, ಅದರ ವಾರಂಟಿ ಎಂದಿನಿಂದ ಎಂದು ಬಿಲ್ಲಿನ ಮೇಲೆಯೇ ಬರೆಸಿ. ಫ್ರಿಜ್ ಮತ್ತು ಎಸಿಯಲ್ಲಿ “10 ವರ್ಷ” ಎಂದು ದೊಡ್ಡದಾಗಿ ಹಾಕಿದ್ದು ಕಂಪ್ರೆಸರ್‌ಗೆ ಮಾತ್ರ. ಗ್ಯಾಸ್ ತುಂಬುವ ಖರ್ಚು, ಮಜೂರಿ ಅದರಲ್ಲಿ ಸೇರಿದೆಯೇ ಎಂದು ಕೊಳ್ಳುವಾಗಲೇ ಕೇಳುವುದು ಒಳ್ಳೆಯದು.

ವಾರಂಟಿ ದಿನಾಂಕ ದಾಟಿತೆಂದು ಧೈರ್ಯಗೆಡಬೇಡಿ. ದೋಷ ವಾರಂಟಿಯೊಳಗೆ ಕಂಡು, ನೀವು ಅದನ್ನು ದಾಖಲೆಯಿರುವಂತೆ ತಿಳಿಸಿದ್ದರೆ, ಅವರು ಇಂದು ನಾಳೆ ಎಂದು ತಳ್ಳಿ ದಿನಾಂಕ ಮುಗಿಸಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ದೂರಿನ ಸಂಖ್ಯೆಯ ಆ ಮೆಸೇಜ್ ಅಳಿಸಬೇಡಿ ಎಂದದ್ದು ಇದಕ್ಕೇ.

ಬದಲಿಯೂ ಕೆಟ್ಟು, ಅವರು ಕೈ ಚೆಲ್ಲಿದರೆ

ಮೊದಲು ಒಂದು ಪತ್ರ. ಅಂಗಡಿಗೂ ಕಂಪನಿಗೂ ಒಟ್ಟಿಗೆ, ಕನ್ನಡದಲ್ಲೇ ಬರೆಯಿರಿ. ಕೊಂಡ ದಿನ, ಮೊದಲು ಕೆಟ್ಟ ದಿನ, ಬದಲಿ ಕೊಟ್ಟ ದಿನ, ಮತ್ತೆ ಕೆಟ್ಟ ದಿನ, ನೀವು ಕೇಳುತ್ತಿರುವುದೇನು, ಎಷ್ಟು ದಿನದೊಳಗೆ ಎಂಬುದಷ್ಟೇ ಇರಲಿ. ಬೈಗುಳ, ಬೆದರಿಕೆ ಬೇಡ. 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಗಡುವಿಗೆ ಕಾಯುವಾಗಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ, ಆದರೂ ದೊಡ್ಡ ಕಂಪನಿಗಳ ವಿಷಯದಲ್ಲಿ ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ತಾಣದ ದೂರು ಅಧಿಕಾರಿಗೂ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳಂತೆ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಏಳು ದಿನದ ರಿಪ್ಲೇಸ್‌ಮೆಂಟ್ ಅವಧಿ ಮುಗಿದಿದ್ದರೂ ಕಂಪನಿಯ ವಾರಂಟಿ ಬೇರೆಯಾಗಿ ಇದ್ದೇ ಇರುತ್ತದೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಯವರಿಗೆ ಬಹಳ ಅನುಕೂಲವಾದ ಒಂದು ಬದಲಾವಣೆ 2019ರ ಕಾಯ್ದೆಯಲ್ಲಿ ಆಯಿತು. ಬೀದರಿನವರು ಹೈದರಾಬಾದಿಗೆ, ಕಲಬುರಗಿಯವರು ಸೊಲ್ಲಾಪುರಕ್ಕೆ ಹೋಗಿ ದೊಡ್ಡ ಖರೀದಿ ಮಾಡುವುದು ಮೊದಲಿನಿಂದ ಇದ್ದದ್ದೇ. ಹಿಂದಿನ ಕಾಯ್ದೆಯಲ್ಲಿ ಎದುರುದಾರರು ಇರುವ ಅಥವಾ ವ್ಯವಹಾರ ನಡೆದ ಊರಿನ ಕಡೆಗೇ ಹೋಗಬೇಕಿತ್ತು. ಈಗ ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೈದರಾಬಾದಿನ ಅಂಗಡಿಯ ಬಿಲ್ಲು ಹಿಡಿದು ಔರಾದಿನವರು ಬೀದರಿನಲ್ಲೇ ದೂರು ದಾಖಲಿಸಬಹುದು.

ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ನಡೆಸುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ನಿಮ್ಮ ಮಾತು ನೀವೇ ಹೇಳಬಹುದು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ದಾಖಲಿಸಲು ಅವಕಾಶವಿದೆ, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೇಳಿಕೊಳ್ಳುವುದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ದೂರಿನ ಜೊತೆ ಬಿಲ್ಲು, ವಾರಂಟಿ ಕಾರ್ಡ್, ಬದಲಿ ಪತ್ರ, ಜಾಬ್ ಶೀಟ್‌ಗಳು, ಕಳಿಸಿದ ಪತ್ರ, ಪೋಸ್ಟ್ ರಸೀದಿ, ಫೋಟೊಗಳನ್ನು ದಿನಾಂಕದ ಅನುಕ್ರಮದಲ್ಲಿ ಜೋಡಿಸಿ, ಒಂದು ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ. ಎದುರುದಾರರ ಹೆಸರಿನಲ್ಲಿ ಅಂಗಡಿ, ಕಂಪನಿ ಇಬ್ಬರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು, ತಪ್ಪು ಅವರದ್ದು ಎಂದು ಜಾರಿಕೊಳ್ಳುತ್ತಾರೆ.

ಗಡುವಿನ ವಿಷಯದಲ್ಲಿ ಸಡಿಲ ಬಿಡಬೇಡಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದಾಖಲಿಸಬೇಕು. ಬದಲಿ ಕೊಟ್ಟ ದಿನದಿಂದ ಎಣಿಸೋಣ ಎಂದು ಕೂರದೆ, ಮೊದಲ ಸಲ ಕೆಟ್ಟ ದಿನದಿಂದಲೇ ಎಣಿಸಿ ಅದರೊಳಗೆ ಕೊಟ್ಟುಬಿಡಿ. ಆಗ ತಕರಾರಿಗೆ ಎಡೆಯೇ ಇರುವುದಿಲ್ಲ.

ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ದೋಷ ಲ್ಯಾಬ್ ಪರೀಕ್ಷೆ ಇಲ್ಲದೆ ಗೊತ್ತಾಗದಂಥದ್ದಾದರೆ ಆಯೋಗ ವಸ್ತುವನ್ನು ಪರೀಕ್ಷೆಗೆ ಕಳಿಸಬಹುದು, ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕು. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಇನ್ನೂ ತಡವಾಗಬಹುದು, ಆ ತಯಾರಿ ಇರಲಿ. ಅಷ್ಟರವರೆಗೆ ಕೆಟ್ಟ ವಸ್ತುವನ್ನು ಹೊರಗೆ ಯಾರಿಂದಲೂ ಬಿಚ್ಚಿಸಬೇಡಿ.

ದುಡಿಮೆಗೆ ಕೊಂಡ ವಸ್ತುವಾದರೆ ಏನು ಎಂದು ಹಲವರು ಕೇಳುತ್ತಾರೆ. ಶಹಾಪುರದಲ್ಲಿ ಒಬ್ಬ ತಾಯಿ ಹೊಲಿಗೆ ಮಷಿನ್ ಇಟ್ಟುಕೊಂಡು ತಾನೇ ದುಡಿದು ಮನೆ ನಡೆಸುತ್ತಿದ್ದರೆ ಆಕೆ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕಳೇ. ತನ್ನ ಹೊಲದ ತೊಗರಿಗೆ ನೀರು ಬಿಡಲು ಪಂಪ್ ಕೊಂಡ ರೈತನೂ ಗ್ರಾಹಕನೇ. ಕೆಲಸಗಾರರನ್ನಿಟ್ಟು ನಡೆಸುವ ದಾಲ್ ಮಿಲ್‌ಗೆ ತಂದ ಯಂತ್ರ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟಿನ ದಾರಿ.

ಓದು ಬರಹ ಬಾರದವರು, ಕಾಗದ ಪತ್ರ ಜೋಡಿಸಲು ಆಗದವರು ತಾಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವು ಪಡೆಯಬಹುದು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಆದೇಶ ನಿಮ್ಮ ಪರ ಬಂದ ಮೇಲೂ ಕಂಪನಿ ಸುಮ್ಮನಿದ್ದರೆ ಅದೇ ಆಯೋಗಕ್ಕೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಲು 72ನೇ ಕಲಮು ಅವಕಾಶ ಕೊಡುತ್ತದೆ. ಅವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕೆಂದರೂ 45 ದಿನದೊಳಗೆ ಹೋಗಬೇಕು, ಕೊಡಬೇಕಾದ ಹಣದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು.